ಜೇನುನೊಣದ ಐದನೆಯ ಪಾಠ

೧೯೫೯ರಲ್ಲಿ ನಾನು ಮೂಡುಬಿದಿರೆಯಲ್ಲಿ ಶಿಕ್ಷಕಿಯ ತರಬೇತಿ ಪಡೆಯುತ್ತಿದ್ದೆ. ಕೊನೆಯ ಪರೀಕ್ಷಾ ಪಾಠ ಜೇನುನೊಣದ್ದು. ಅದರಲ್ಲಿ ಫೇಲಾದರೆ ಇನ್ನೊಂದು ವರ್ಷ ಕಳಿಸುವುದಿಲ್ಲ, ಮನೆಯಲ್ಲಿ ಭತ್ತ ಕುಟ್ಟಿಕೊಂಡಿರು ಎಂದು ಅಳದಂಗಡಿಯ ಸೋದರಮಾವ ಮೊದಲೇ ಹೇಳಿಬಿಟ್ಟಿದ್ದರು. ಮಾವ ಹೇಳಿದ ಮೇಲೆ ನಮ್ಮಲ್ಲಿ ಅಮ್ಮನೂ ಮಾತಾಡುವ ಹಾಗಿರಲಿಲ್ಲ.

ನನಗೆ ಸಿಕ್ಕಿದ್ದು ನಾಲ್ಕನೆಯ ತರಗತಿ. ಮಕ್ಕಳು ಮಹಾ ಕಿಲಾಡಿಗಳು. ವರ್ಷವಿಡೀ ತರಬೇತಿಯವರು ಅವರ ಮೇಲೆಯೇ ಕೈ ಪಳಗಿಸಿಕೊಳ್ಳುತ್ತಿದ್ದುದರಿಂದ ಜೇನುನೊಣದ ಪಾಠ ಅವರಿಗೆ ಆಗಲೇ ನಾಲ್ಕು ಸಲ ಆಗಿತ್ತು. ಪಾಠದ ಕ್ರಮವೂ ಬಾಯಿಪಾಠ. ಪೀಠಿಕೆಯ ಕೊನೆಯ ಪ್ರಶ್ನೆಗೆ ಮಕ್ಕಳು ಉತ್ತರ ತಿಳಿಯದೆ ಸುಮ್ಮನಿರಬೇಕು. ಆಗ ಶಿಕ್ಷಕಿ "ಇವತ್ತು ಅದನ್ನೇ ಕಲಿಯುವ" ಎಂದು ಪಾಠಕ್ಕೆ ಇಳಿಯಬೇಕು.

ಹಿಂದಿನ ದಿನ ಕ್ಲಾಸಿನ ಲೀಡರ್ ಕಾಂತಿ ಬಂದಳು. ಒಂಬತ್ತು ವರ್ಷದ ಹುಡುಗಿ, ಪಕ್ಕಾ ವ್ಯಾಪಾರಿಯ ಮುಖ.

"ನಾಳೆ ನಾವು ಸುಮ್ಮನೆ ಕೂತ್ಕೊಳ್ಬೇಕಲ್ವಾ ಟೀಚರ್? ಮೊನ್ನೆಯ ಟೀಚರ್ ಪೆಪ್ಪರಮೆಂಟ್ ಕೊಟ್ಟಿದ್ರು."

ನನಗೆ ಸಿಟ್ಟು ನೆತ್ತಿಗೇರಿತು. "ನನ್ನ ಹತ್ರ ಪೆಪ್ಪರಮೆಂಟ್ ಇಲ್ಲ. ಬೇಕಾದ್ರೆ ಬೆತ್ತ ಉಂಟು" ಎಂದೆ.

ಮರುದಿನ ಪರೀಕ್ಷಕ ಪದ್ಮಯ್ಯನವರು ಹಿಂದಿನ ಬೆಂಚಿನಲ್ಲಿ ಕುಳಿತರು. "ಗೂಡಿನಲ್ಲಿ ರಾಣಿಯ ಕೆಲಸ ಏನು?" ಎಂದು ನಾನು ಪೀಠಿಕೆಯ ಕೊನೆಯ ಪ್ರಶ್ನೆ ಕೇಳಿದ್ದೇ ತಡ, ಇಡೀ ಕ್ಲಾಸಿನ ಕೈ ಮೇಲೆದ್ದಿತು. ಮೊಟ್ಟೆ, ಮೇಣ, ಗಂಡುನೊಣ, ಎಲ್ಲವನ್ನೂ ಐದೇ ನಿಮಿಷದಲ್ಲಿ ಒಪ್ಪಿಸಿ ಕಾಂತಿ ಕೈಕಟ್ಟಿ ಕುಳಿತಳು. ನಲವತ್ತು ನಿಮಿಷದ ಪಾಠದಲ್ಲಿ ನನಗೆ ಉಳಿದದ್ದು ಕರಿಹಲಗೆ ಒರೆಸುವುದೊಂದೇ. ಮಾವನ ಮುಖ ಕಣ್ಣೆದುರು ಬಂದು ನಿಜವಾಗಿಯೂ ಹೆದರಿಕೆಯಾಯಿತು.

ನಾಲ್ಕು ಸಲ ಈ ಮಕ್ಕಳು ಏನೂ ತಿಳಿಯದವರ ಹಾಗೆ ನಟಿಸಿದ್ದರು. ಈ ಸಲ ನಾನು ನಟಿಸಿದರೇನು?

"ಎಲ್ಲಾ ತಪ್ಪು" ಎಂದೆ. "ರಾಣಿಯೇ ಹೂವಿಂದ ಹೂವಿಗೆ ಹಾರಿ ಜೇನು ತರುವುದು."

ಕ್ಲಾಸಿಗೆ ಕ್ಲಾಸೇ ಬೆಚ್ಚಿತು. "ಅಲ್ಲ ಟೀಚರ್, ಅದು ಕೆಲಸದ ನೊಣಗಳು" ಎಂದಳು ಕಾಂತಿ.

"ನಾನು ನಂಬುವುದಿಲ್ಲ."

ಕಾಂತಿ ಎದ್ದು ಬಂದು, ನನ್ನ ಕೈಯಿಂದ ಸೀಮೆಸುಣ್ಣ ಕಸಿದು, ಗೂಡಿನ ಚಿತ್ರ ಬರೆದಳು. ಹಾಜಬ್ಬ ಎಂಬ ಹುಡುಗ ಸಾಕ್ಷಿಗೆಂದು ನೊಣ ಕಚ್ಚಿದ ತನ್ನ ಕಿವಿ ತೋರಿಸಿದ. ಅವರು ಹೇಳಿದ್ದಕ್ಕೆಲ್ಲ ನಾನು ಅಲ್ಲವೆಂದು ತಲೆಯಾಡಿಸುತ್ತ ಹೋದೆ. ಅವರು ಗಂಟಲು ಹರಿಯುವಷ್ಟು ವಾದಿಸಿದರು. ಗಂಟೆ ಬಾರಿಸಿದರೂ ಒಬ್ಬರೂ ಏಳಲಿಲ್ಲ.

ಪದ್ಮಯ್ಯನವರು ಅಂಕದ ಹಾಳೆ ತೆರೆದರು. ಕಾಂತಿ ಅವರ ಹತ್ತಿರ ಹೋಗಿ ನಿಂತಳು.

"ಸರ್, ಈ ಟೀಚರಿಗೆ ಜೇನಿನ ವಿಷಯ ಏನೂ ಗೊತ್ತಿಲ್ಲ, ಪಾಪ. ಆದ್ರೂ ಪಾಸ್ ಮಾಡಿ. ನಾವು ಕಲಿಸ್ತೇವೆ."

"ಜವಾಬ್ದಾರಿ ನೀನು ತೆಗೊಳ್ತೀಯಾ?"

"ತೆಗೊಳ್ತೇನೆ."

ಪದ್ಮಯ್ಯನವರು ಪಾಸ್ ಎಂದು ಬರೆದರು.