ಕಾವಲುಗಾರನಿಗೆ ಎಷ್ಟನೇ ಹಲ್ಲು?

ಹಲ್ಲಿನ ಸೆಟ್ಟು ಮಾಡುವುದು ನನ್ನ ಕೆಲಸ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಅದಕ್ಕೆ ಹಲ್ಲು ಕೂರಿಸಿ ವಾಪಸ್ಸು ಕಳಿಸುತ್ತೇನೆ. ಇಪ್ಪತ್ತಾರು ವರ್ಷದಲ್ಲಿ ಈ ಊರಿನ ಎಷ್ಟೋ ನಗು ನನ್ನ ಮೇಜಿನ ಮೇಲಿಂದಲೇ ಎದ್ದುಹೋಗಿದೆ. ಇಂಥವಳು ಸಿನಿಮಾ ಗೊಂಬೆಗಳಿಗೆ ಅಂಕ ಕೊಡಲು ಕೂತದ್ದು ನನ್ನ ಭಾವನಿಂದ.

ಭಾವ, ಅಂದರೆ ಅಕ್ಕನ ಗಂಡ, ಲಿಫ್ಟ್ ರಿಪೇರಿ ಮಾಡುವವರು. ದಿನವೆಲ್ಲ ಕತ್ತಲ ಗುಂಡಿಯಲ್ಲಿ ಒಬ್ಬರೇ ತೂಗಾಡುವುದರಿಂದಲೋ ಏನೋ, ಮೇಲೆ ಬಂದರೆಂದರೆ ಮಾತು ನಿಲ್ಲುವುದಿಲ್ಲ. ಆ ಮಾತೆಲ್ಲ ಒಂದೇ ವಿಷಯದ್ದು: ಬಾಹ್ಯಾಕಾಶದ ಸಿನಿಮಾಗಳ ಗೊಂಬೆಗಳು. ಯಾವುದರ ಮೊಣಕಾಲು ಮಡಚುತ್ತದೆ, ಯಾವುದರ ಬಂದೂಕು ಕಳೆದುಹೋಗಿದೆ, ಯಾವುದರ ಕಿವಿ ಅಸಲಿ, ಯಾವುದರದು ನಕಲಿ. ಇದನ್ನೆಲ್ಲ ಕೇಳಿಸಿಕೊಳ್ಳುವುದು ಅಕ್ಕ ಒಬ್ಬಳಿಂದ ಆಗುವ ಮಾತಲ್ಲ. ಅದಕ್ಕೇ ದೇವರು ಗೊಂಬೆ ಸಂಘವನ್ನು ಸೃಷ್ಟಿಸಿದ ಎಂದು ಅಕ್ಕ ನಂಬಿದ್ದಾಳೆ. ಸಂಘದಲ್ಲಿ ಒಂಬತ್ತು ಜನ. ಪ್ರತಿ ಭಾನುವಾರ ಬೇಕರಿಯ ಮೇಲಿನ ಕೋಣೆಯಲ್ಲಿ ಬೆಳಿಗ್ಗೆ ಕೂತರೆ ಸಂಜೆಯವರೆಗೂ ಏಳುವುದಿಲ್ಲ.

ಆ ಸಂಘದವರಿಗೆ ಪ್ರಾಣ ಎಂದರೆ ಚಂದ್ರನ ಕಾವಲುಗಾರ. ನಲವತ್ತು ವರ್ಷದ ಹಿಂದಿನ ಸಿನಿಮಾ ಒಂದರಲ್ಲಿ ಇವನು ಬರುವುದು ಒಂದೂವರೆ ನಿಮಿಷ. ಒಂದು ಬಾಗಿಲು ತೆಗೆಯುತ್ತಾನೆ, ಸಾಯುತ್ತಾನೆ. ಅಷ್ಟಕ್ಕೆ ಅವನ ಗೊಂಬೆ ಬಂತು: ಬೆರಳುದ್ದ, ತಲೆಗೆ ಬೋಗುಣಿಯಂಥ ಟೋಪಿ, ಮೈಯೆಲ್ಲ ಬಿಳಿ ಕವಚ. ತೊಂದರೆ ಇರುವುದು ಆ ಬಿಳಿಯಲ್ಲೇ. ಪ್ಲಾಸ್ಟಿಕ್ಕು ಹಳೆಯದಾದಂತೆ ಹಲ್ಲಿನ ಹಾಗೆ ಹಳದಿಯಾಗುತ್ತದೆ. ಯಾರ ಕಾವಲುಗಾರ ಹೆಚ್ಚು ಬಿಳಿ ಎಂದು ಸಂಘದಲ್ಲಿ ಜಗಳವಾಗಿ, ಬೇಕರಿಯವರೂ ಭಾವನೂ ಒಂದು ದಿನ ಗೊಂಬೆ ಹಿಡಿದುಕೊಂಡು ನನ್ನ ಕೋಣೆಗೇ ನುಗ್ಗಿದರು.

ನನ್ನ ಹತ್ತಿರ ಬಣ್ಣದ ಪಟ್ಟಿ ಇದೆ. ಹದಿನಾರು ಹಲ್ಲುಗಳನ್ನು ಹದಿನಾರು ಕಡ್ಡಿಗೆ ಕೂರಿಸಿ ಸಾಲಾಗಿ ಜೋಡಿಸಿದ್ದು. ಒಂದನೆಯದು ಮಗುವಿನ ಹಲ್ಲಿನ ಬಿಳುಪು. ಹದಿನಾರನೆಯದು ಜೀವಮಾನವಿಡೀ ಸಿಗರೇಟು ಸೇದಿ, ಟೀ ಕುಡಿದು, ಬ್ರಶ್ ಎಂದರೆ ಗೋಡೆಗೆ ಸುಣ್ಣ ಬಳಿಯುವುದು ಎಂದುಕೊಂಡವನ ಬಣ್ಣ. ಗೊಂಬೆಯ ಎದೆಗೆ ಒಂದೊಂದೇ ಹಲ್ಲು ಹಿಡಿದು ನೋಡಿ, "ಬೇಕರಿಯವರದ್ದು ಐದನೇ ಹಲ್ಲು, ಭಾವನದ್ದು ಆರನೇದು" ಎಂದೆ. ಇಬ್ಬರೂ ಕೋರ್ಟಿನ ತೀರ್ಪು ಕೇಳಿದವರಂತೆ ಸುಮ್ಮನಾದರು. ಅಂದಿನಿಂದ ನಾನು ಸಂಘಕ್ಕೆ ಹಲ್ಲಿನಕ್ಕ. ನನ್ನ ಮಾತೇ ಕೊನೆ.

ಹೀಗಿರುವಾಗ ಟಾಕೀಸಿನವರು ಆ ಹಳೇ ಸಿನಿಮಾವನ್ನು ಮತ್ತೆ ಹಾಕುವುದೆಂದು ನಿಶ್ಚಯಿಸಿದರು. ಬಾಗಿಲ ಬಳಿ ಗಾಜಿನ ಪೆಟ್ಟಿಗೆ ಇಡುತ್ತೇವೆ, ನಿಮ್ಮ ಸಂಘದ ಅತ್ಯುತ್ತಮ ಕಾವಲುಗಾರನನ್ನು ಕೊಡಿ, ಕೆಳಗೆ ಮಾಲೀಕರ ಹೆಸರು ಬರೆಸುತ್ತೇವೆ ಎಂದರು. ಸಂಘದಲ್ಲಿ ಕಾವಲುಗಾರ ಇದ್ದದ್ದು ಐದು ಜನರ ಹತ್ತಿರ. ಮುಂದಿನ ಭಾನುವಾರ ನಾನು ಬಂದು ಅಂಕ ಕೊಡಬೇಕು ಎಂದಾಯಿತು. ಅಧ್ಯಕ್ಷರು, ಚಪ್ಪಲಿ ಅಂಗಡಿಯವರು, ಏಳನೇ ನಿಯಮವನ್ನು ಎಲ್ಲರಿಗೂ ಓದಿ ಹೇಳಿದರು. ಗೊಂಬೆಗೆ ಬಣ್ಣ ಬಳಿದವರು, ಹೊಳಪು ಕೊಟ್ಟವರು, ಯಾವುದೇ ಉಪಾಯದಿಂದ ಬಿಳಿ ಮಾಡಿದವರು ಸಂಘದಿಂದ ಹೊರಗೆ. ಶಾಶ್ವತವಾಗಿ.

ಬುಧವಾರ ಅಕ್ಕ ಫೋನ್ ಮಾಡಿದಳು.

"ಲೇ, ನಿಮ್ಮ ಭಾವ ಎರಡು ದಿನದಿಂದ ಮಾತಾಡ್ತಿಲ್ಲ ಕಣೇ."

"ಜಗಳ ಆಡಿದ್ರಾ?"

"ಇಲ್ಲ. ಬಾಯಲ್ಲಿ ಹುಣ್ಣಾಗಿದೆ ಅಂತ ಚೀಟಿ ಬರೆದು ತೋರಿಸ್ತಾರೆ. ಮೊದಲನೇ ದಿನ ನಂಗೆ ಸ್ವರ್ಗಾನೇ ಸಿಕ್ಕಿದಂಗಾಯ್ತು. ರೇಡಿಯೋ ಪೂರ್ತಿ ಕೇಳಿದೆ. ಇವತ್ತು ಯಾಕೋ ಭಯ ಆಗ್ತಿದೆ. ಗೋಡೆ ಕಡೆ ತಿರುಗಿ ಊಟ ಮಾಡ್ತಾರೆ!"

ಫೋನ್ ಇಟ್ಟು ಕೆಲಸಕ್ಕೆ ಕೂತೆ. ಮಧ್ಯಾಹ್ನ ಫ್ರಿಜ್ ತೆಗೆದಾಗ ವಿಷಯ ಅರ್ಥವಾಯಿತು. ಹಲ್ಲು ಬೆಳ್ಳಗೆ ಮಾಡುವ ಜೆಲ್ಲಿನ ಟ್ಯೂಬುಗಳನ್ನು ವೈದ್ಯರು ನನ್ನ ಹತ್ತಿರ ಇಟ್ಟಿದ್ದರು. ಆರು ಇರಬೇಕಾದಲ್ಲಿ ಎರಡಿದ್ದವು. ಪಕ್ಕದಲ್ಲಿದ್ದ, ಹಲ್ಲಿನ ಪದಾರ್ಥ ಗಟ್ಟಿ ಮಾಡುವ ನೀಲಿ ದೀಪದ ಪೆಟ್ಟಿಗೆ ತೆಗೆದು ನೋಡಿದರೆ, ತಳದಲ್ಲಿ ಒಣಗಿದ ಜೆಲ್ಲಿನ ಮೇಲೆ ಎರಡು ಪುಟ್ಟ ಬೂಟಿನ ಗುರುತು. ನನ್ನ ಕೋಣೆಯ ಇನ್ನೊಂದು ಬೀಗದ ಕೈ ಇರುವುದು ಅಕ್ಕನ ಮನೆಯಲ್ಲಿ. ಸೋಮವಾರ, ಮಂಗಳವಾರ ನಾನು ಸಾಮಾನು ತರಲು ಹೋಗಿದ್ದೆ.

ಸಂಜೆ ನೇರ ಅಕ್ಕನ ಮನೆಗೆ ಹೋದೆ. ಭಾವ ಕುರ್ಚಿಯಲ್ಲಿ ಕೂತು, ಟವೆಲ್ಲನ್ನು ಮೂಗಿನವರೆಗೂ ಸುತ್ತಿಕೊಂಡಿದ್ದರು.

"ಭಾವ, ಬಾಯಿ ತೆಗೀರಿ."

ತಲೆ ಅಲ್ಲಾಡಿಸಿದರು.

"ಇಪ್ಪತ್ತಾರು ವರ್ಷದಿಂದ ನಾನು ಬಾಯಿಯ ಅನ್ನ ತಿಂತಿರೋಳು. ನನ್ನ ಮುಂದೆ ನಾಚಿಕೆ ಯಾಕೆ? ತೆಗೀರಿ."

ತೆಗೆದರು. ಅಕ್ಕ ಒಂದು ಹೆಜ್ಜೆ ಹಿಂದೆ ಹೋದಳು. ಅಷ್ಟು ಬಿಳಿ ಹಲ್ಲನ್ನು ನಾನು ಮಾಡಿಯೂ ಇಲ್ಲ, ನೋಡಿಯೂ ಇಲ್ಲ. ಹೊಸದಾಗಿ ಕೂರಿಸಿದ ವಾಶ್ ಬೇಸಿನ್ ಹಾಗೆ ಬಾಯಿ ತುಂಬ ಬೆಳಕು. ಪಟ್ಟಿಯಲ್ಲಿ ಅದಕ್ಕೆ ನಂಬರೇ ಇಲ್ಲ.

"ಜೆಲ್ಲು ಗೊಂಬೆಗೆ ಹಚ್ಚಿದ್ದು ಸರಿ," ಎಂದೆ. "ನಿಮಗ್ಯಾಕೆ ಹಚ್ಕೊಂಡ್ರಿ?"

"ಮತ್ತೆ?" ಎಂದರು ಭಾವ. ಎರಡು ದಿನದ ಮಾತೆಲ್ಲ ಒಟ್ಟಿಗೆ ಹೊರಗೆ ಬಂತು. "ಒಂದೇ ಸಲ ಅವನಿಗೆ ಹಚ್ಚಿ, ಪಾಪ, ಅವನಿಗೇನಾದ್ರೂ ಆದ್ರೆ? ಸಿಗೋ ವಸ್ತುವಾ ಅದು? ಅದಕ್ಕೇ ಮೊದ್ಲು ನಾನು ಒಂದು ಗಂಟೆ ಹಚ್ಕೊಂಡು ನೋಡ್ದೆ. ನಂಗೇನೂ ಆಗ್ಲಿಲ್ಲ. ತಣ್ಣೀರು ಕುಡಿದ್ರೆ ಜುಂ ಅನ್ನುತ್ತೆ, ಅಷ್ಟೇ. ಆಮೇಲೆ ಅವನಿಗೆ ಹಚ್ಚಿದೆ. ಹೇಗಾಗಿದ್ದಾನೆ ಗೊತ್ತಾ!"

ಒಳಗಿನಿಂದ ಕಾವಲುಗಾರನನ್ನು ತಂದು ತೋರಿಸಿದರು. ಇಬ್ಬರೂ ಒಂದೇ ಬಿಳಿ. ಅಪ್ಪ ಮಗ ಎನ್ನಬಹುದಿತ್ತು.

"ಭಾವ, ಇದು ಕಳ್ಳತನ, ಮೋಸ, ಎರಡೂ ಆಯ್ತು. ನೀವೇ ಹೋಗಿ ಹೇಳಿಬಿಡಿ."

"ಹೇಳಿದ್ರೆ ಏಳನೇ ನಿಯಮ. ಹೊರಗೆ ಹಾಕ್ತಾರೆ. ಗಾಜಿನ ಪೆಟ್ಟಿಗೆ ಹಾಳಾಗಿಹೋಗ್ಲಿ, ಭಾನುವಾರ ನಾನೆಲ್ಲಿಗೆ ಹೋಗ್ಲಿ?" ಅವರ ದನಿ ಸಣ್ಣದಾಯಿತು. "ಲಿಫ್ಟ್ ಗುಂಡೀಲಿ ನನ್ನ ಮಾತು ಕೇಳೋರು ಯಾರಿದ್ದಾರೆ ಹೇಳು."

ಹೊರಡುವಾಗ ಅಕ್ಕ ಮೆಟ್ಟಿಲವರೆಗೂ ಬಂದು ನನ್ನ ಕೈ ಹಿಡಿದಳು.

"ನೋಡು, ನೀನು ಸುಳ್ಳು ಹೇಳು ಅನ್ನಲ್ಲ. ಆದ್ರೆ ಅವರನ್ನ ಸಂಘದಿಂದ ತೆಗೆದುಹಾಕಿದ್ರೆ ಪ್ರತಿ ಭಾನುವಾರ ಮನೇಲೇ ಇರ್ತಾರೆ ಕಣೇ. ಬೆಳಿಗ್ಗೆಯಿಂದ ಸಂಜೇವರೆಗೂ ಮೊಣಕಾಲು, ಬಂದೂಕು, ಕಿವಿ. ನನ್ನ ಗತಿ ಏನು? ಒಡಹುಟ್ಟಿದವಳು ಅಂತ ಸ್ವಲ್ಪ ಕನಿಕರ ಬೇಡ್ವಾ?"

ನನಗೆ ನನ್ನ ಮಾತಿನ ಚಿಂತೆ. ಹಲ್ಲಿನ ಬಣ್ಣದಲ್ಲಿ ಒಮ್ಮೆ ಸುಳ್ಳು ಹೇಳಿದರೆ ಆಮೇಲೆ ಯಾವ ವೈದ್ಯರು ನನ್ನನ್ನು ನಂಬುತ್ತಾರೆ? ಆದರೆ ಅಕ್ಕನ ಮುಖ, ಭಾವನ ಸಣ್ಣ ದನಿ, ಎರಡೂ ತಲೆಯಲ್ಲಿ ಕೂತವು. ಶನಿವಾರದವರೆಗೂ ಯೋಚಿಸಿದೆ. ಏನೂ ಹೊಳೆಯಲಿಲ್ಲ. ಏನೂ ಹೊಳೆಯದಿದ್ದಾಗ ನಾನು ಕೆಲಸದ ಚೀಲವನ್ನು ಪೂರ್ತಿ ತುಂಬಿಕೊಂಡು ಹೊರಡುತ್ತೇನೆ. ಏನಾದರೊಂದು ಉಪಯೋಗಕ್ಕೆ ಬರುತ್ತದೆ.

ಭಾನುವಾರ ಬೇಕರಿಯ ಮೇಲಿನ ಕೋಣೆಯಲ್ಲಿ ನೀಲಿ ಬಟ್ಟೆ ಹಾಸಿದ ಮೇಜು. ಅದರ ಮೇಲೆ ಐದು ಕಾವಲುಗಾರರು. ಭಾವ ಕಿಟಕಿಯ ಪಕ್ಕ ತುಟಿ ಬಿಗಿದು ಕೂತಿದ್ದರು.

ಮೊದಲು ಅಧ್ಯಕ್ಷರ ಗೊಂಬೆ ಎತ್ತಿಕೊಂಡೆ. ಹೋದ ತಿಂಗಳು ಎಂಟನೇ ಹಲ್ಲು, ಇವತ್ತು ಎರಡನೇದು! ಮೂಗಿನ ಹತ್ತಿರ ತಂದೆ. ಬಿಳಿ ಕ್ಯಾನ್ವಾಸ್ ಬೂಟಿಗೆ ಹಚ್ಚುವ ಪಾಲಿಶಿನ ವಾಸನೆ. ಅಧ್ಯಕ್ಷರು ಚಾವಣಿ ನೋಡುತ್ತಿದ್ದರು. ಡ್ರಾಯಿಂಗ್ ಮೇಷ್ಟರ ಗೊಂಬೆಯ ಬೆನ್ನ ಮೇಲೆ ಕಾಗದದಲ್ಲಿ ತಪ್ಪು ಅಳಿಸುವ ಬಿಳಿ ದ್ರವ ಗಡ್ಡೆಗಟ್ಟಿತ್ತು. ಬೇಕರಿಯವರ ಕಾವಲುಗಾರನನ್ನು ಮುಟ್ಟಿದರೆ ಬೆರಳು ಅಂಟಿತು. ನಾಲಿಗೆಗೆ ತಾಗಿಸಿದೆ. ಸಿಹಿ. ಕೇಕಿನ ಮೇಲೆ ಬಳಿಯುವ ಸಕ್ಕರೆ ಮೆತ್ತಿದ್ದರು ಮಹಾರಾಯರು! ಮೊಣಕಾಲಿನ ಸಂದಿಯಲ್ಲಿ ಆಗಲೇ ಒಂದು ಇರುವೆ ಅಂಕ ಕೊಡಲು ಬಂದಿತ್ತು.

ನಾಲ್ಕನೆಯದು ಗಡಿಯಾರದಜ್ಜನದು. ಅಜ್ಜನಿಗೆ ಕಿವಿ ಮಂದ, ಗಡಿಯಾರ ರಿಪೇರಿಯ ಅಂಗಡಿ. ಅವರ ಗೊಂಬೆ ಅಪ್ಪಟ ಹದಿನಾರನೇ ಹಲ್ಲು. ಬೆಲ್ಲದ ಅಚ್ಚಿನಂತೆ ನಿಂತಿತ್ತು. ಐದನೆಯದು ಭಾವನದು. ಅದರ ಪಕ್ಕ ಉಳಿದವೆಲ್ಲ ಮಂಕು.

ಎಲ್ಲರ ಬಂಡವಾಳವನ್ನೂ ಅಲ್ಲೇ ಬಯಲು ಮಾಡಬಹುದಿತ್ತು. ಆದರೆ ವಯಸ್ಸಾದವರನ್ನು ಅವರವರ ಗೊಂಬೆಯ ಮುಂದೆ ಅವಮಾನ ಮಾಡುವುದು ಒಳ್ಳೆಯದಲ್ಲ. ಚೀಲದಿಂದ ಐದು ಗಾಜಿನ ಲೋಟ ತೆಗೆದು ಸಾಲಾಗಿ ಇಟ್ಟೆ. ನೀರು ತುಂಬಿಸಿದೆ. ಒಂದೊಂದಕ್ಕೂ ಹಲ್ಲಿನ ಸೆಟ್ಟು ನೆನೆಸುವ ಗುಳಿಗೆ ಹಾಕಿದೆ. ಬುರಬುರ ಎಂದು ನೊರೆ ಎದ್ದಿತು.

"ಇದೇನು ಹಲ್ಲಿನಕ್ಕಾ?" ಎಂದರು ಅಧ್ಯಕ್ಷರು.

"ಏನಿಲ್ಲ. ಧೂಳಿದ್ರೆ ಬಣ್ಣ ಸರಿಯಾಗಿ ಕಾಣಲ್ಲ. ಐದು ನಿಮಿಷ ಸ್ನಾನ ಮಾಡ್ಲಿ. ಅಸಲಿ ಬಿಳಿಗೆ ಇದರಿಂದ ಏನೂ ಆಗಲ್ಲ. ಮೇಲೆ ಏನಾದ್ರೂ ಕೂತಿದ್ರೆ ಹೋಗುತ್ತೆ. ಯಾರಿಗಾದ್ರೂ ಇಷ್ಟ ಇಲ್ದಿದ್ರೆ ಈಗಲೇ ವಾಪಸ್ ತಗೊಳ್ಳಿ. ನಾನು ಯಾಕೆ ಅಂತ ಕೇಳಲ್ಲ."

ಮೊದಲು ಎದ್ದವರು ಬೇಕರಿಯವರು.

"ನಮ್ಮವನಿಗೆ ನೀರು ಆಗಿಬರಲ್ಲ," ಎಂದು ಗೊಂಬೆಯನ್ನು ಏಪ್ರನ್ನಿನೊಳಗೆ ಸೇರಿಸಿದರು. "ಕೀಲು ಸಡಿಲ ಆಗುತ್ತೆ."

"ಅಧ್ಯಕ್ಷನಾಗಿ ನಾನು ಸ್ಪರ್ಧೆ ಮಾಡೋದು ಶೋಭೆ ಅಲ್ಲ ಅಂತ ನಿನ್ನೆಯಿಂದ ಅನ್ನಿಸ್ತಾ ಇತ್ತು," ಎಂದು ಅಧ್ಯಕ್ಷರು ತಮ್ಮದನ್ನು ಜೇಬಿಗಿಳಿಸಿದರು.

ಮೇಷ್ಟರು ಗೊಂಬೆಯನ್ನು ಕರವಸ್ತ್ರದಲ್ಲಿ ಸುತ್ತಿ ಅದರ ಮೇಲೆ ಕೂತುಬಿಟ್ಟರು.

ನನ್ನ ಲೆಕ್ಕದಲ್ಲಿ ಭಾವನೂ ಈಗ ಎದ್ದು ತಮ್ಮದನ್ನು ಎತ್ತಿಕೊಳ್ಳಬೇಕಿತ್ತು. ಮರ್ಯಾದೆಯಾಗಿ ಹೊರಗೆ ಬರಲು ನಾನು ತೆಗೆದುಕೊಟ್ಟ ದಾರಿ ಅದು. ಆದರೆ ಅವರು ಅಲ್ಲಾಡಲಿಲ್ಲ. ಆಗಲೇ ನನಗೆ ಹೊಳೆದದ್ದು. ಜೆಲ್ಲಿನ ಬಿಳಿ ಮೇಲೆ ಕೂತದ್ದಲ್ಲ, ಒಳಗೇ ಇಳಿದದ್ದು. ನೀರಲ್ಲ, ಸಮುದ್ರಕ್ಕೆ ಹಾಕಿದರೂ ಹೋಗುವುದಿಲ್ಲ. ನನ್ನ ಉಪಾಯ ನನ್ನ ಕಾಲಿಗೇ ತೊಡರಿಕೊಂಡಿತ್ತು.

ಉಳಿದ ಇಬ್ಬರನ್ನೂ ಲೋಟಕ್ಕೆ ಇಳಿಸಿದೆ. ಐದು ನಿಮಿಷವಾಯಿತು. ಅಜ್ಜನ ಕಾವಲುಗಾರ ಬೆಲ್ಲದ ಬಣ್ಣದಲ್ಲೇ ಹೊರಗೆ ಬಂದ. ಭಾವನ ಕಾವಲುಗಾರ ಮಲ್ಲಿಗೆಯ ಹಾಗೆ ಬಂದ.

"ಭೇಷ್!" ಎಂದು ಅಧ್ಯಕ್ಷರು ಚಪ್ಪಾಳೆ ತಟ್ಟಿದರು. "ನಲವತ್ತು ವರ್ಷ ಆದ್ರೂ ಹುಟ್ಟಿದ ಬಣ್ಣ! ಹಲ್ಲಿನಕ್ಕ, ಎಷ್ಟನೇ ಹಲ್ಲು?"

ನಾನು ಪಟ್ಟಿ ಕೈಯಲ್ಲಿ ಹಿಡಿದು ಭಾವನ ಕಡೆ ನೋಡಿದೆ. ನಾನಾಗಿ ಹೇಳುವ ಮೊದಲು ಅವರು ಹೇಳಲಿ ಎಂದು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸತೊಡಗಿದೆ. ಏಳಕ್ಕೆ ಬಂದಿದ್ದೆ.

"ಗೆದ್ದವರು ಎರಡು ಮಾತಾಡ್ಬೇಕು," ಎಂದರು ಬೇಕರಿಯವರು.

ಭಾವನಿಗೆ ಯಾರೂ ಯಾವತ್ತೂ ಮಾತಾಡಿ ಎಂದು ಕೇಳಿದ್ದಿಲ್ಲ. ಸಾಕು ಮಾಡಿ ಎಂದೇ ಎಲ್ಲರೂ ಹೇಳಿದ್ದು. ಅವರು ಎದ್ದು ನಿಂತರು. ಗಡಿಯಾರದಜ್ಜ ಒದ್ದೆ ಗೊಂಬೆಯನ್ನು ಶರಟಿನ ತುದಿಯಿಂದ ಒರೆಸುತ್ತಿದ್ದುದನ್ನು ಒಂದು ಕ್ಷಣ ನೋಡಿದರು. ಆಮೇಲೆ ಬಾಯಿ ತೆಗೆದು, ಇದ್ದಬದ್ದ ಹಲ್ಲನ್ನೆಲ್ಲ ತೋರಿಸಿ ನಕ್ಕರು.

ಮುಂದಿನ ಸಾಲಿನವರು ಕಣ್ಣು ಕಿರಿದು ಮಾಡಿದರು.

"ನೋಡಿದ್ರಲ್ಲ? ಇದೂ ಅದೂ ಒಂದೇ ಜೆಲ್ಲು. ನಾದಿನಿ ಫ್ರಿಜ್ಜಿಂದ ಕದ್ದಿದ್ದು. ಅವಳಿಗೆ ಬುಧವಾರವೇ ಗೊತ್ತಾಯ್ತು, ನಾನೇ ಹೇಳ್ಲಿ ಅಂತ ಕಾಯ್ತಾ ಇದ್ಲು. ಹೊರಗೆ ಹಾಕೋದಾದ್ರೆ ಹಾಕಿ. ಆದ್ರೆ ಐದು ದಿನದಿಂದ ಬಾಯಿ ಮುಚ್ಕೊಂಡಿದ್ದೀನಿ. ಜೆಲ್ಲು ಹೇಗೆ ಹಚ್ಚಿದೆ ಅನ್ನೋದನ್ನಾದ್ರೂ ಪೂರ್ತಿ ಹೇಳಿ ಹೋಗ್ತೀನಿ."

"ಏಳನೇ ನಿಯಮದ ಪ್ರಕಾರ," ಎಂದು ಅಧ್ಯಕ್ಷರು ಕೈ ಎತ್ತಿದರು. ಹೆಬ್ಬೆರಳು, ತೋರುಬೆರಳು ಎರಡೂ ಬೂಟ್ ಪಾಲಿಶಿನಿಂದ ಬೆಳ್ಳಗಿದ್ದವು. ಎಲ್ಲರೂ ಅದನ್ನೇ ನೋಡಿದರು. ಅವರೂ ನೋಡಿಕೊಂಡರು. ಕೈ ಮೆಲ್ಲಗೆ ಕೆಳಗಿಳಿಯಿತು.

"ಅಧ್ಯಕ್ಷರೇ," ಎಂದೆ, "ಏಳನೇ ನಿಯಮ ಸರಿಯಾಗಿ ನಡೆಸಿದ್ರೆ ಮುಂದಿನ ವಾರ ಕಾವಲುಗಾರ ಇರೋರಲ್ಲಿ ಅಜ್ಜ ಒಬ್ರೇ ಇಲ್ಲಿ ಕೂತಿರ್ತಾರೆ. ಅವರಿಗೆ ಕಿವಿ ಬೇರೆ ಕೇಳ್ಸಲ್ಲ. ಬೇಕಾದ್ರೆ ಲೋಟದ ನೀರು ಇನ್ನೂ ಇದೆ."

"ನೀರು ಬೇಡ," ಎಂದರು ಮೇಷ್ಟರು, ಕೂತಲ್ಲಿಂದ ಏಳದೆ.

ಹತ್ತು ನಿಮಿಷ ಚರ್ಚೆಯಾಯಿತು. ಯಾರೂ ಯಾರ ಮುಖವನ್ನೂ ನೋಡದೆ ನಡೆಸಿದ ಚರ್ಚೆ. ಕೊನೆಗೆ ಏಳನೇ ನಿಯಮ ಬದಲಾಯಿತು. ಆರೈಕೆ ಮಾಡಿಸಿಕೊಂಡ ಗೊಂಬೆಗಳದ್ದೇ ಒಂದು ಬೇರೆ ವಿಭಾಗ. ಏನು ಹಚ್ಚಿದ್ದು ಎಂದು ಬರೆದು ಪಕ್ಕದಲ್ಲಿಡಬೇಕು. ಗಾಜಿನ ಪೆಟ್ಟಿಗೆಗೆ ಆರೈಕೆ ಇಲ್ಲದವನೇ ಹೋಗಬೇಕು. ಅಂಥವನು ಒಬ್ಬನೇ ಇದ್ದ.

"ಅಜ್ಜಾ, ನಿಮ್ಮದು ಗೆದ್ದಿದೆ!" ಎಂದು ಭಾವ ಕಿವಿಯ ಹತ್ತಿರ ಕೂಗಿದರು.

"ಹೌದಾ? ಬಣ್ಣ ಚೆನ್ನಾಗಿದೆ ಅಲ್ವಾ?" ಎಂದರು ಅಜ್ಜ. "ಕಂಪನಿಯಿಂದಲೇ ಹೀಗೆ ಬಂದಿದ್ದು ಅಂದ್ಕೊಂಡಿದ್ದೀನಿ. ಅಂಗಡಿ ಕಿಟಕೀಲೇ ಇಟ್ಟಿದ್ದೆ, ಬಿಸಿಲಿಗೆ ಒಂದು ಚೂರೂ ಮಾಸಿಲ್ಲ ನೋಡಿ."

ಯಾರೂ ತಿದ್ದಲಿಲ್ಲ. ನಾನು ಚೀಟಿಯಲ್ಲಿ ಹದಿನಾರನೇ ಹಲ್ಲು ಎಂದು ಬರೆದು ಸಹಿ ಹಾಕಿದೆ.

ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ಗಂಡ ಸಂಘದಲ್ಲೇ ಉಳಿದರು ಎಂದು ಹೇಳಿದಾಗ ಆ ಕಡೆಯಿಂದ ಉಸಿರು ಬಿಟ್ಟ ಸದ್ದು ಕೇಳಿಸಿತು.

"ಇನ್ನೊಂದು ವಿಷಯ," ಎಂದೆ. "ಹೊಸ ವಿಭಾಗಕ್ಕೆ ಭಾವನ್ನೇ ಮುಖ್ಯಸ್ಥರನ್ನಾಗಿ ಮಾಡಿದ್ದಾರೆ. ಜೆಲ್ಲು ಹಚ್ಚೋದು ಎಲ್ಲರಿಗೂ ಕಲಿಸ್ಬೇಕಂತೆ. ಅದಕ್ಕೆ ಇನ್ಮೇಲೆ ಶನಿವಾರವೂ ಸಭೆ."

ಅಕ್ಕ ರೇಡಿಯೋ ಸದ್ದು ತಗ್ಗಿಸಿದಳು.

"ಶನಿವಾರ ಪೂರ್ತಿನಾ, ಅರ್ಧ ದಿನಾನಾ?" ಎಂದು ಮೆಲ್ಲಗೆ ಕೇಳಿದಳು.

"ಪೂರ್ತಿ."

"ನಿನ್ನ ಫ್ರಿಜ್ಜಲ್ಲಿ ಇನ್ನೆಷ್ಟು ಟ್ಯೂಬಿದೆ?" ಎಂದಳು ಅಕ್ಕ. "ಕಮ್ಮಿ ಬೀಳೋದು ಬೇಡ. ನಾನೇ ತರಿಸಿಕೊಡ್ತೀನಿ."