ಹೂಂ ಅನ್ನುವ ಮಾವ

“ಬೆಳಗ್ಗೆ ಎದ್ದವ್ರೇ ಅಂಗಡೀನ ಎದುರಿನವನಿಗೆ ಬಿಟ್ಕೊಡ್ತೀನಿ ಅಂದ್ಬಿಟ್ರು ಕಣೇ ನಿನ್ನ ಮಾವ. ಅದೂ ನಗ್ತಾ ನಗ್ತಾ,” ಎಂದರು ಅತ್ತೆ ಫೋನಿನಲ್ಲಿ.

ನನ್ನ ತಲೆಗೇ ಹೋಗಲಿಲ್ಲ. ಮಾವ, ಅಂದರೆ ಅಮ್ಮನ ತಮ್ಮ, ಕ್ಷೌರಿಕರು. ಎದುರಿನ ಕ್ಷೌರದಂಗಡಿಯವನ ಮುಖ ಕಂಡರೆ ಉರಿದು ಬೀಳುವವರು. ಅವರು ಯಾವುದಕ್ಕಾದರೂ ‘ಹೂಂ’ ಅಂದದ್ದನ್ನು ನಾನು ಹುಟ್ಟಿದ ಮೇಲೆ ಕೇಳಿಲ್ಲ. ತಿಂಡಿ ತಿಂದಮೇಲೆ ಕೇಳಿದರೆ, ತಾವು ಹಾಗೆ ಅಂದೇ ಇಲ್ಲ ಎಂದು ಅತ್ತೆಯ ಮೇಲೇ ಹರಿಹಾಯ್ದರಂತೆ. ಕುಡಿದಿದ್ದಾರೇನೋ ಎಂದು ಅತ್ತೆ ಬಾಯಿಯನ್ನೂ ಮೂಸಿ ನೋಡಿದ್ದರು. ಬರೀ ಟೂತ್‌ಪೇಸ್ಟ್ ವಾಸನೆ. ಇನ್ನೊಂದು ಸಂಸಾರ ಇರಬಹುದು ಎಂದು ತಮಾಷೆ ಮಾಡಿ ನಾನು ಚೆನ್ನಾಗಿ ಬೈಸಿಕೊಂಡೆ.

ಮುಂದಿನ ವಾರ ಒಂದು ಬೆಳಗ್ಗೆ ಮಾವ ಗಿರಾಕಿಯೊಬ್ಬರ ಅರ್ಧ ಮೀಸೆ ತೆಗೆದು, ಬೆವರು ಸುರಿಸುತ್ತ ಗೋಡೆ ನೋಡಿಕೊಂಡು ನಿಂತುಬಿಟ್ಟರು. ಆ ಪುಣ್ಯಾತ್ಮ ತಮ್ಮ ಚೀಲದಲ್ಲಿದ್ದ ಹಣ್ಣಿನ ರಸ ಕುಡಿಸಿದರು. ಹತ್ತು ನಿಮಿಷಕ್ಕೆ ಮಾವ ಕಣ್ಣರಳಿಸಿ, “ಯಾವ ಕೈಲಾಗದವನು ರೀ ನಿಮ್ಮ ಮೀಸೆ ಹೀಗೆ ಮಾಡಿದ್ದು?” ಅಂದರಂತೆ.

ಅತ್ತೆಯೂ ನಾನೂ ಮಾವನನ್ನು ಆಸ್ಪತ್ರೆಗೆ ಎಳೆದೊಯ್ದೆವು. ವೈದ್ಯೆಗೆ ಸುಳಿವು ಸಿಕ್ಕಿದ್ದು ಆ ರಸದಿಂದ. ಹೊಟ್ಟೆ ಖಾಲಿಯಾದಾಗ ಸಕ್ಕರೆ ಇಳಿಯುತ್ತಿದೆ. ಮೇದೋಜೀರಕ ಗ್ರಂಥಿಯಲ್ಲಿ ಸಣ್ಣ ಗಡ್ಡೆಯೊಂದು ಕೇಳದೆಯೇ ಇನ್ಸುಲಿನ್ ಸುರಿಯುತ್ತಿರಬಹುದು ಎಂದರು. ಮನೆಯಲ್ಲಿ ಯಾರಾದರೂ ಸಕ್ಕರೆ ಕಾಯಿಲೆಯ ಮಾತ್ರೆ ಕೊಡುತ್ತಿದ್ದೀರಾ ಎಂದೂ ಕೇಳಿದರು. ಅತ್ತೆ ನನ್ನನ್ನು ನೋಡಿದರು, ನಾನು ಅತ್ತೆಯನ್ನು.

ಗಡ್ಡೆಯೋ ಮಾತ್ರೆಯೋ ತಿಳಿಯಲು ಆಸ್ಪತ್ರೆಯಲ್ಲಿ ಮೂರು ದಿನದವರೆಗೆ ಉಪವಾಸ, ನೀರು ಮಾತ್ರ. ಕಾಲೇಜಿಗೆ ಚಕ್ಕರ್ ಹೊಡೆದು ಪಕ್ಕದಲ್ಲಿ ಕೂತೆ. ಮಂಪರು ಬಂತೇ ಎಂದು ನೋಡಲು ನರ್ಸ್ ಆಗಾಗ ನೂರರಲ್ಲಿ ಏಳು ಕಳೆಯಿರಿ ಅನ್ನುತ್ತಿದ್ದರು. ಮಾವ ಪ್ರತಿ ಸಲವೂ ತಪ್ಪು. ಇದು ಕಾಯಿಲೆಯೋ, ಲೆಕ್ಕ ಬಾರದ್ದೋ ಅವರಿಗೂ ಗೊತ್ತಾಗಲಿಲ್ಲ, ನನಗೂ. ಹತ್ತೊಂಬತ್ತನೆಯ ಗಂಟೆಗೆ ನನಗೊಂದು ಹೊಳೆಯಿತು.

“ಮಾವ, ಎದುರಂಗಡಿಯವನ ಕೈ ನಿಮಗಿಂತ ಚೆನ್ನಾಗಿದೆಯಂತೆ?”

“ಹೂಂ. ಒಳ್ಳೇವ್ನು ಅವ್ನು.”

ನರ್ಸನ್ನು ಓಡಿಹೋಗಿ ಕರೆದೆ. ಸಕ್ಕರೆ ಮೂವತ್ತೆಂಟಕ್ಕೆ ಇಳಿದಿತ್ತು; ಎಪ್ಪತ್ತಾದರೂ ಇರಬೇಕಿತ್ತು. ಮೊದಲು ರಕ್ತ ತೆಗೆದು, ಆಮೇಲೆ ಗ್ಲೂಕೋಸ್ ಕೊಟ್ಟರು. ಆ ರಕ್ತದಲ್ಲಿ ಇನ್ಸುಲಿನ್ ಹೆಚ್ಚಿತ್ತು, ಅದು ದೇಹವೇ ಮಾಡಿದ್ದು ಎಂಬ ಗುರುತೂ ಇತ್ತು, ಮಾತ್ರೆಯ ಸುಳಿವಿರಲಿಲ್ಲ. ಬಾಯಿಯ ಮೂಲಕ ಕೊಳವೆ ಇಳಿಸಿ ಮಾಡಿದ ಸ್ಕ್ಯಾನಿನಲ್ಲಿ ಬಟಾಣಿ ಕಾಳಿನಷ್ಟು ಗಡ್ಡೆ ಕಂಡಿತು. ಇಂಥವು ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ, ತೆಗೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ ಎಂದರು ವೈದ್ಯೆ.

ಮಾವ ಆಪರೇಷನ್ ಬೇಡವೇ ಬೇಡ ಅಂದರು. ಅವರ ಪಾಲಿಗೆ ಯಾವ ಬೆಳಗೂ ಕಳೆದುಹೋಗಿರಲಿಲ್ಲ; ಅಂಗಡಿ, ಮೀಸೆ, ಎಲ್ಲ ನಾವು ಕಟ್ಟಿದ ಕಥೆ. ಅತ್ತೆ ನನ್ನನ್ನು ಕಾರಿಡಾರಿಗೆ ಎಳೆದರು.

“ನಾಳೆ ತಿಂಡಿಗೆ ಮುಂಚೆ ಆಪರೇಷನ್ ಕಾಗದ ಮುಂದಿಡೋಣ. ಹೂಂ ಅಂತಾರೆ. ಸೈನ್ ಹಾಕಿಸ್ಕೊಳ್ಳೋಣ.”

ಮೊದಲು ನಗು ಬಂತು. ಆಮೇಲೆ ಸರಿ ಅಂತಲೂ ಅನ್ನಿಸಿತು, ಮೋಸ ಅಂತಲೂ. ಗೊಂದಲ ತಡೆಯಲಾಗದೆ ಒಳಗೆ ಹೋಗಿ ಅತ್ತೆಯ ಉಪಾಯವನ್ನು ಮಾವನಿಗೇ ಹೇಳಿಬಿಟ್ಟೆ. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ.

“ಅಷ್ಟು ಗೊತ್ತಾಗಲ್ವಾ ನನಗೆ?”

“ಗೊತ್ತಾಗಲ್ಲ ಮಾವ.”

ಅವರು ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

“ಕೈಯಲ್ಲಿ ರೇಜರ್ ಇದ್ದಾಗ್ಲೂ?”

ಅರ್ಧ ಮೀಸೆಯ ದಿನವೂ ಇತ್ತಲ್ಲ ಎಂದೆ. ಮಾವ ನರ್ಸನ್ನು ಕರೆದು, ಆಪರೇಷನ್ ಮಾಡುವ ಸರ್ಜನ್ ಯಾವಾಗ ಸಿಗುತ್ತಾರೆ, ತಿಂಡಿ ತಿಂದಮೇಲೆ ತಾವೇ ಎಲ್ಲ ಕೇಳಬೇಕು ಅಂದರು. ನರ್ಸ್ ಪುಸ್ತಕ ತಿರುವಿ ಹೆಸರು ಬರೆದುಕೊಂಡರು: ನಾಳೆ, ಹನ್ನೊಂದು ಗಂಟೆ, ಎರಡನೇ ಮಹಡಿ.