ಮುನ್ನಿ ಮಾಡಿದ ಗಲೀಜು

ಫಿನಾಯಿಲ್ ವಾಸನೆ ಇವತ್ತೂ ಮೂಗಿಗೆ ಬಡಿಯಿತು, ಈಗ ಒರೆಸಲು ಈ ಮನೆಯಲ್ಲಿ ಏನಿದೆ, ಬೆಕ್ಕೂ ಇಲ್ಲ, ಬೆಕ್ಕಿನ ಗಲೀಜೂ ಇಲ್ಲ, ಫರೀದಾಳ ಕೈ ಮಾತ್ರ ಅಭ್ಯಾಸಬಲದಿಂದ ಬಟ್ಟೆ ಹಿಂಡುತ್ತಲೇ ಇದೆ — ಮುನ್ನಿ ಇದ್ದಾಗ ಒಂದೇ ಎರಡೇ, ಮಂಚದಡಿ ಮೀನಿನ ಮುಳ್ಳು, ನಮಾಜಿಗೆ ಹಾಸುವ ಜಾನಮಾಜಿನ ಮೇಲೆ ಅರ್ಧ ತಿಂದ ಇಲಿ, ಗಂಡ ಗಯಾಸ್ ಇಸ್ತ್ರಿ ಮಾಡಿಸಿಟ್ಟ ಅಂಗಿಯ ತುಂಬ ಕೂದಲು, ಅದೆಲ್ಲ ಹಾಳಾಗಲಿ ಅಂದರೆ ಬೆಳಗಾದರೆ ಅತ್ತೆ ಮೆಹಬೂಬ್ ಬೀಯ ಹಾಸಿಗೆ ಒದ್ದೆ, ಮುನ್ನಿ ಮಾಡ್ಬಿಟ್ಲು ಬೇಟೀ ಎನ್ನುತ್ತಿದ್ದರು ಅತ್ತೆ, ಗೋಡೆ ನೋಡಿಕೊಂಡು, ಆ ಗೋಡೆ ನೋಡುವುದನ್ನಾದರೂ ತಾನು ಗಮನಿಸಬಾರದಿತ್ತೇ, ಹಿತ್ತಲ ಮಣ್ಣು ಕೆದರಿ, ಮುಗಿಸಿ, ನೀಟಾಗಿ ಮುಚ್ಚಿ ಬರುವ ಬೆಕ್ಕು ಅದು, ದಿನಾ ನೋಡುತ್ತಿದ್ದವಳು ತಾನೇ, ಸಿಟ್ಟು ನೆತ್ತಿಗೇರಿದಾಗ ಏನು ಹೊಳೆಯುತ್ತದೆ, ಇದನ್ನ ಎಲ್ಲಾದ್ರೂ ಬಿಟ್ಬನ್ನಿ, ಇಲ್ಲಾಂದ್ರೆ ನಾನೇ ತವರಿಗೆ ಹೋಗ್ತೀನಿ ಎಂದು ಕುಣಿದದ್ದು, ವ್ಯಾಪಾರದ ದ್ರಾಕ್ಷಿ ತರಲು ಚಿಕ್ಕಜಾಲಕ್ಕೆ ಹೊರಟ ಗಯಾಸ್ ಅದನ್ನು ಖಾಲಿ ಬುಟ್ಟಿಯಲ್ಲಿ ಹಾಕಿ, ಮೇಲೊಂದು ಬುಟ್ಟಿ ಬೋರಲು ಕಟ್ಟಿ ಬಸ್ಸು ಹತ್ತಿದ್ದು, ಬೇಡ ಮಾ, ಪಾಪ ಅದು ಎನ್ನುತ್ತ ಅತ್ತೆ ಬಾಗಿಲವರೆಗೂ ಹಿಂದೆ ಬಂದದ್ದು, ಬೆಕ್ಕಿನ ಮೇಲೆ ಇಷ್ಟು ಮೋಹವೇ ಎಂದು ತಾನು ಒಳಗೊಳಗೇ ನಕ್ಕದ್ದು.

ಮರುದಿನ ಹಾಸಿಗೆ ಮತ್ತೆ ಒದ್ದೆ. ಮುನ್ನಿ ವಾಪಸ್ ಬಂದಿದ್ಲು ಬೇಟೀ, ಕಿಟಕಿಯಿಂದ ಎಂದರು ಅತ್ತೆ, ಹ್ಞೂಂ ಅಮ್ಮೀ ಅಂದಿದ್ದರೆ ಯಾವ ಗಂಟು ಹೋಗುತ್ತಿತ್ತು — ಗಯಾಸ್ ಎದುರಿಗೇ, ಹಾಲು ಅಳೆಯುತ್ತ ನಿಂತ ಕೋಗಿಲು ಹಳ್ಳಿಯ ಗಂಗರತ್ನಮ್ಮನ ಎದುರಿಗೇ, ಚಿಕ್ಕಜಾಲದಿಂದ ಹೆಂಗ್ ಬರ್ತಾಳೆ ಅಮ್ಮೀ ಎಂದುಬಿಟ್ಟಳಲ್ಲ ತಾನು, ಹಾಳು ನಾಲಿಗೆ, ಮಾತು ಕೇಳದ ಮುದಿ ದೇಹಕ್ಕೆ ಇದ್ದದ್ದು ಅದೊಂದೇ ಮರೆ, ಅದನ್ನೂ ಕಿತ್ತುಕೊಂಡಳಲ್ಲ. ಅವತ್ತಿನಿಂದ ಹಾಸಿಗೆ ಒಣಗಿದೆ. ಇಳಿಹೊತ್ತಿನ ಅಸರ್ ನಮಾಜ್ ಆದ ಮೇಲೆ ಅತ್ತೆ ಒಂದು ಗುಟುಕು ನೀರು ಮುಟ್ಟುವುದಿಲ್ಲ, ಎಂಬತ್ತಮೂರನೇ ಇಸವಿಯ ಈ ಬೇಸಿಗೆಯಲ್ಲಿ, ಆರ್.ಟಿ. ನಗರದ ನಾಯಿಗಳೂ ಮೋರಿಯಲ್ಲಿ ಹೋಗಿ ಮಲಗುವ ಈ ಬಿಸಿಲಲ್ಲಿ, ತುಟಿ ಒಡೆದು ರಕ್ತ ಬಂದರೂ ಇಲ್ಲ, ತಲೆದೆಸೆಯಲ್ಲಿಟ್ಟ ಚೊಂಬು ಬೆಳಗ್ಗೆ ಹಾಗೇ ತುಂಬಿರುತ್ತದೆ, ಕುಡೀರಿ ಅಮ್ಮೀ, ಬಾಯಾರಿಕೆ ಇಲ್ಲ ಮಾ, ಒಂದ್ ಗುಟುಕು ಅಮ್ಮೀ, ಇಲ್ಲ ಮಾ.

ಅದಕ್ಕೇ ಅಲ್ಲವೇ ನಿನ್ನೆ ಗಂಗರತ್ನಮ್ಮನ ಕೈಲಿ ಬೆಕ್ಕಿನ ಮರಿ ತರಿಸಿದ್ದು, ಎಲ್ಲೆಂದ್ರಲ್ಲಿ ಉಚ್ಚೆ ಉಯ್ತದೆ ಕಣಮ್ಮ, ಆಮ್ಯಾಕೆ ನನ್ ಬೈಬ್ಯಾಡ ಎಂದು ಅವಳು ಮೊದಲೇ ಹೇಳಿದ್ದಳು, ಅಂಥದ್ದೇ ಬೇಕು ಎಂದಿದ್ದಳು ಫರೀದಾ, ಅತ್ತೆ ಮರಿಯನ್ನು ಮಡಿಲಿಗೆ ಹಾಕಿಕೊಂಡು, ಕಿವಿ ಸವರಿ, ಎಷ್ಟೋ ದಿನಗಳ ಮೇಲೆ ಗೋಡೆ ಬಿಟ್ಟು ಸೊಸೆಯ ಮುಖ ನೋಡಿ, ಬೇಡ ಬೇಟೀ, ನನಗೋಸ್ಕರ ಇದೂ ಯಾಕೆ ಬೈಸ್ಕೋಬೇಕು ಅಂದರು. ಬೈಯಲ್ಲ ಅಮ್ಮೀ ಎನ್ನಬೇಕಿತ್ತು, ಬೇಕಾದಾಗ ಮಾತ್ರ ಈ ನಾಲಿಗೆ ಏಳುವುದಿಲ್ಲ, ಮರಿ ಗಂಗರತ್ನಮ್ಮನ ಸೆರಗಿನಲ್ಲಿ ವಾಪಸ್ ಹೋಯಿತು, ಇವತ್ತಾದರೂ, ಇವತ್ತಾದರೂ ಎಂದುಕೊಂಡು ಬಟ್ಟೆ ಕೆಳಗಿಟ್ಟು ಅತ್ತೆಯ ಕೋಣೆಗೆ ಹೋಗುತ್ತಾಳೆ, ಮುಚ್ಚಿದ ತಟ್ಟೆ ಸರಿಸುತ್ತಾಳೆ — ಚೊಂಬು, ಕಂಠದವರೆಗೂ ನೀರು.